ಆರು ಸಾವಿರದ ತೊಂಬತ್ತು ದಿನಗಳು

ಆದವಾನಿಯ ಟಪಾಲು ಕಚೇರಿಯ ಗುಮಾಸ್ತ ಶ್ರೀನಿವಾಸರಾಯರ ಮಗಳು ಮಥುರಾಬಾಯಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಒಂದೊಂದು ಶಬ್ದವೂ ತಕ್ಕಡಿಯಲ್ಲಿ ತೂಗಿ ಇಟ್ಟಂತೆ ಬರುತ್ತಿತ್ತು. ಮನೆಯವರು ಆಗ ಏನೋ ಕೆಲಸ ನೆನಪಾದವರಂತೆ ಅಲ್ಲಿಂದ ಎದ್ದು ಹೋಗುತ್ತಿದ್ದರು. ೧೯೫೮ನೇ ಇಸವಿಯಲ್ಲಿ, ಜನವರಿಯ ಮೂರನೇ ವಾರದಿಂದ ವರ್ಷದ ಕೊನೆಯವರೆಗೆ, ಅವಳ ದನಿ ಏರಲೇ ಇಲ್ಲ.

ಅವಳಿಗೆ ಬೇಕಾಗಿದ್ದದ್ದು ಗಣಿತ. ಬಳ್ಳಾರಿಯಲ್ಲಿ ಬಿ.ಎ. ಮುಗಿಸಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಾಗ ಗಣಿತದಲ್ಲಿ ಜಾಗ ಸಿಗಲಿಲ್ಲ, ಅರ್ಥಶಾಸ್ತ್ರದಲ್ಲಿ ಸಿಕ್ಕಿತು. “ಅದರಾಗೂ ಅಂಕಿ ಇರ್ತಾವ, ಹೋಗು” ಎಂದು ರಾಯರು ಗುಂತಕಲ್ಲಿನವರೆಗೆ ಬಂದು ರಾತ್ರಿಯ ರೈಲು ಹತ್ತಿಸಿದ್ದರು. ತರಗತಿಯಲ್ಲಿ ಇಪ್ಪತ್ತೊಂದು ಹುಡುಗರು, ಇವಳೊಬ್ಬಳು. ಮೊದಲ ವರ್ಷ ಬೇಡಿಕೆಯ ಗೆರೆ, ಪೂರೈಕೆಯ ಗೆರೆ, ಅವೆರಡೂ ಕೂಡುವ ಬಿಂದು. ಅದನ್ನೆಲ್ಲ ಅವಳು ಇಷ್ಟಪಟ್ಟೇ ಕಲಿತಳು. ‘ಉಳಿದ ಸಂಗತಿಗಳು ಬದಲಾಗುವುದಿಲ್ಲ ಎಂದು ಭಾವಿಸಿದರೆ’ ಎಂದು ಪುಸ್ತಕ ಹೇಳುವಾಗ ಮಾತ್ರ ಆ ಉಳಿದ ಸಂಗತಿಗಳು ಯಾವುವು ಎಂದು ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಎರಡನೇ ವರ್ಷದಲ್ಲಿ ಪ್ರಬಂಧ ಬರೆಯಬೇಕು. ವಿಭಾಗದವರು ಆ ವರ್ಷ ಹತ್ತು ಹಳ್ಳಿಗಳ ಸಮೀಕ್ಷೆ ಹಿಡಿದಿದ್ದರು. ಒಂದೊಂದು ಹಳ್ಳಿಗೆ ಇಬ್ಬಿಬ್ಬರು ವಿದ್ಯಾರ್ಥಿಗಳು. ಆದವಾನಿಗೆ ಹತ್ತಿರದ ಪೆದ್ದಹರಿವಾಣ ಮಥುರಾಬಾಯಿಯ ಪಾಲಿಗೆ ಬಂತು, ಜೊತೆಗೆ ಪತ್ತಿಕೊಂಡದ ಹನುಮಂತು. ಐವತ್ತೇಳರ ದಸರೆ ರಜೆಯಲ್ಲಿ ಇಬ್ಬರೂ ಹನ್ನೆರಡು ದಿನ ಊರ ಚಾವಡಿಯ ಕಟ್ಟೆಯ ಮೇಲೆ ಕೂತು ನೂರಾ ಹನ್ನೆರಡು ಮನೆಗಳ ಫಾರಂ ತುಂಬಿದರು. ಊರಿನ ದೊಡ್ಡ ಒಕ್ಕಲಿಗ ಭೀಮಲಿಂಗಪ್ಪ ಒಬ್ಬೊಬ್ಬ ಯಜಮಾನನ ಹೆಸರು ಕೂಗಿ ಕರೆಸುತ್ತಿದ್ದ. ಒಂದೊಂದು ಫಾರಂ ಹದಿನಾಲ್ಕು ಪುಟ. ಒಂಬತ್ತನೆಯ ಕಾಲಮಿನಲ್ಲಿ ಮನೆಯ ಪ್ರತಿಯೊಬ್ಬರೂ ದುಡಿಯುವವರೋ ಅವಲಂಬಿತರೋ ಎಂದು ಬರೆಯಬೇಕು.

“ನಿಮ್ಮ ಮನ್ಯಾಗ ಹೆಣ್ಮಕ್ಕಳು ಏನು ಮಾಡ್ತಾರ?” ಎಂದು ಮಥುರಾಬಾಯಿ ಕೇಳುವಳು.

“ಏನ್ ಮಾಡ್ತಾರ್ರಿ, ಮನ್ಯಾಗ ಅದಾರ” ಎಂದು ಯಜಮಾನ ಹೇಳುವನು.

ನರಸಣ್ಣನೆಂಬ ನಲವತ್ತರ ರೈತ ಇನ್ನೂ ಚುಟುಕು. ಹೆಂಡತಿಯ ಹೆಸರು ಸುಂಕಮ್ಮ ಎಂದು ಹೇಳುವುದಕ್ಕೇ ನಾಚಿ, ಪಕ್ಕದವನಿಂದ ಹೇಳಿಸಿದ. “ಅದಾಳ್ರಿ” ಎಂದ, ಅಷ್ಟೇ. ಮಥುರಾಬಾಯಿ ಅವಲಂಬಿತೆ ಎಂದು ಬರೆದಳು. ಹಾಗೆ ಅವಳು ಐವತ್ತಾರು ಫಾರಂ ತುಂಬಿದಳು, ಹನುಮಂತು ಐವತ್ತಾರು.

ಜನವರಿಯಲ್ಲಿ ವಿಭಾಗದ ಲೆಕ್ಕದ ಕೋಣೆಯಲ್ಲಿ ಆ ಫಾರಂಗಳನ್ನು ಕೂಡಿಸುವಾಗ ಅವಳ ಕೈ ನಿಂತಿತು. ಆ ಮನೆಗಳವರು ಹತ್ತಿ ಬಿತ್ತಿದ ಹೊಲ ಒಟ್ಟು ಆರುನೂರ ನಲವತ್ತು ಎಕರೆ. ಎಕರೆಗೆ ಹತ್ತು ಮಣ ಹತ್ತಿ ಬಂದಿತ್ತು ಎಂದು ಯಜಮಾನರೇ ಹೇಳಿದ್ದರು. ಅಲ್ಲಿಗೆ ಆರು ಸಾವಿರದ ನಾನೂರು ಮಣ. ಗಿಡದಿಂದ ಹತ್ತಿ ಬಿಡಿಸುವ ಆಳು ದಿನಕ್ಕೆ ಒಂದು ಮಣ ಬಿಡಿಸಿದರೆ ದೊಡ್ಡದು. ಅಂದರೆ ಆರು ಸಾವಿರದ ನಾನೂರು ದಿನದ ಕೆಲಸ. ಫಾರಂಗಳಲ್ಲಿ ಹತ್ತಿ ಬಿಡಿಸಿದ್ದೆಂದು ಯಜಮಾನರು ಬರೆಸಿದ ದಿನಗಳನ್ನೆಲ್ಲ ಕೂಡಿಸಿದಳು. ಮುನ್ನೂರ ಹತ್ತು.

ಮತ್ತೆ ಕೂಡಿಸಿದಳು. ಮುನ್ನೂರ ಹತ್ತೇ.

“ಉಳಿದ ಆರು ಸಾವಿರದ ತೊಂಬತ್ತು ದಿನ ಯಾರು ಬಿಡಿಸಿದರು?” ಎಂದು ಹನುಮಂತುವನ್ನು ಕೇಳಿದಳು.

“ದೆವ್ವ ಬಿಡಿಸಿರಬೇಕು ಬಿಡವ್ವ” ಎಂದು ಅವನು ನಕ್ಕ. “ಇಲ್ಲಾ ಗಾಳಿ ಬಂದು ಚೀಲದಾಗ ತುಂಬಿ ಹೋಗಿರಬೇಕು.”

“ಆ ಮನೆಗಳೊಳಗ ದೊಡ್ಡ ಹೆಣ್ಮಕ್ಕಳು ಇನ್ನೂರ ಮೂರು ಮಂದಿ ಇದ್ದಾರ. ಭಾಗಿಸು. ತಲಿಗೆ ಸರಿಯಾಗಿ ಮೂವತ್ತು ದಿನ.”

ಹನುಮಂತು ಭಾಗಿಸಿ ನೋಡಿದ. ನಗು ನಿಂತಿತು. “ನಾವು ಬರದದ್ದು ಅವರು ಹೇಳಿದ್ದನ್ನs ಅಲ್ಲೇನು?” ಎಂದ.

ಅದೇ ಅವಳನ್ನು ಸುಟ್ಟದ್ದು. ಅವಳು ಆದವಾನಿಯ ಹುಡುಗಿ. ಮಾಘ ಫಾಲ್ಗುಣದ ಸಂಜೆಗಳಲ್ಲಿ ಹೊಲದಿಂದ ಬರುವ ಹೆಂಗಸರು ಉಡಿಯಲ್ಲಿ ಹತ್ತಿ ಕಟ್ಟಿಕೊಂಡು ಬಸುರಿಯರ ಹಾಗೆ ರಸ್ತೆಯ ಬದಿಗೆ ನಡೆದು ಹೋಗುವುದನ್ನು ಹುಟ್ಟಿದಾಗಿನಿಂದ ಕಂಡವಳು. ಕಂಡೂ ಐವತ್ತಾರು ಮನೆಗೆ ತನ್ನ ಕೈಯಾರೆ ಅವಲಂಬಿತೆ ಎಂದು ಬರೆದಿದ್ದಳು.

ಫೆಬ್ರವರಿಯಲ್ಲಿ ಮೂರು ವಾರ ರಜೆ ಪಡೆದು ಊರಿಗೆ ಬಂದಳು. ಪ್ರತಿದಿನ ಬೆಳಗಿನ ಬಸ್ಸಿಗೆ ಪೆದ್ದಹರಿವಾಣಕ್ಕೆ ಹೋಗುವಳು. ಈ ಸಲ ಚಾವಡಿಗಲ್ಲ, ಹೊಲಕ್ಕೆ. ಹತ್ತಿ ಬಿಡಿಸುವ ಸುಗ್ಗಿ ನಡೆದಿತ್ತು. ಮೊದಲ ದಿನ ಸುಂಕಮ್ಮನ ಪಕ್ಕದ ಸಾಲಿನಲ್ಲಿ ನಿಂತು ತಾನೂ ಬಿಡಿಸಲು ಹೋದಳು. ಒಣಗಿದ ಕಾಯಿಯ ತುದಿಗಳು ಉಗುರುಗಳ ಸಂದಿಗೆ ಚುಚ್ಚಿ ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ಕೆಂಪಾದವು. ಸಂಜೆ ಅವಳ ರಾಶಿಯನ್ನು ನೋಡಿ ಸುಂಕಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಬಾಯಾರ, ಇದರಾಗ ನಿಮ್ಮ ಪಾಲು ಕೊಟ್ರ ದೇವರ ಮುಂದ ಒಂದು ಬತ್ತಿ ಆಕ್ಕೈತಿ. ಎಣ್ಣಿ ನೀವs ತರಬೇಕು.”

ಸಾಲಿನುದ್ದಕ್ಕೂ ಹೆಂಗಸರು ನಕ್ಕರು. ಮಥುರಾಬಾಯಿಯೂ ನಕ್ಕಳು.

ಪಾಲು ಹಾಕುವ ಪದ್ಧತಿಯನ್ನು ಅವಳು ಅಂದೇ ಹತ್ತಿರದಿಂದ ನೋಡಿದ್ದು. ದಿನವೆಲ್ಲ ಬಿಡಿಸಿದ ಹತ್ತಿಯನ್ನು ಬಿಡಿಸಿದವಳೇ ಹೊಲದ ಬದುವಿನಲ್ಲಿ ಹತ್ತು ಸಮ ಗುಂಪು ಮಾಡಿ ಇಡುತ್ತಾಳೆ. ಹೊಲದ ಯಜಮಾನಿ ಬಂದು ಅದರಲ್ಲಿ ಒಂದನ್ನು ಎತ್ತಿ ಅವಳ ಉಡಿಗೆ ಹಾಕುತ್ತಾಳೆ. ಯಾವ ಗುಂಪು ಎತ್ತುತ್ತಾಳೋ ತಿಳಿಯದ್ದರಿಂದ ಎಲ್ಲವೂ ಸಮವಾಗಿಯೇ ಇರುತ್ತವೆ. ಆ ಹತ್ತಿ ಬಿಡಿಸಿದವಳದು. ಅದನ್ನು ಮಾರಿ ಉಪ್ಪು, ಬಟ್ಟೆ, ಮಕ್ಕಳ ಔಷಧ, ಕೆಲವು ಮನೆಗಳಲ್ಲಿ ಎರಡು ತಿಂಗಳ ಜೋಳ. ಗಂಡಸರು ಕೇಳುವುದಿಲ್ಲ, ಹೆಂಗಸರು ಹೇಳುವುದಿಲ್ಲ.

“ನಿಮ್ಮ ಯಜಮಾನ್ರು ಚಾವಡ್ಯಾಗ ನೀವು ಏನೂ ಮಾಡೋದಿಲ್ಲ ಅಂತ ಬರೆಸ್ಯಾರಲ್ಲ ಸುಂಕಮ್ಮ” ಎಂದು ಮಥುರಾಬಾಯಿ ತಗ್ಗಿದ ದನಿಯಲ್ಲಿ ಹೇಳಿದಳು. ನರಸಣ್ಣನ ಮೇಲೂ ಅವಳಿಗೆ ಸಿಟ್ಟಿತ್ತು.

ಸುಂಕಮ್ಮನಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. “ಅವ ಸುಳ್ಳು ಹೇಳಿಲ್ರಿ. ಹೆಣ್ಮಕ್ಕಳ ಉಡ್ಯಾಗಿಂದು ಗಂಡಸು ಬಾಯಾಗ ತರಬಾರದು. ನಾಕು ಮಂದಿ ಮುಂದ ಹೆಂಡ್ತಿ ಹತ್ತಿ ಮಾತು ಎತ್ತಿದ್ರ, ಆಕಿ ಗಳಿಕಿ ಮ್ಯಾಲ ಕಣ್ಣು ಇಟ್ಟಾನ ನೋಡು ಅಂತ ನಗತಾರ. ಮರ್ಯಾದಿ ಇದ್ದಾವ ಹೆಂಗ ಹೇಳ್ತಾನ?”

“ಹಂಗಾದ್ರ ನನಗ ಯಾರು ಹೇಳಬೇಕಿತ್ತು?”

“ನಾವು.”

“ನೀವು ಬರಲಿಲ್ಲಲ್ಲ!”

“ಚಾವಡಿ ಕಟ್ಟಿ ನಾವು ಹತ್ತೋದಿಲ್ಲ. ನೀವು ಹತ್ತಿ ಕುಂತಿದ್ರಿ. ನೀರಿಗೆ ಹೋಗಾಗ ನೋಡಿ ಅವತ್ತs ನಕ್ಕೀವಿ. ನಮ್ಮ ಬದುಕು ಕೇಳಾಕ ಬಂದಾಕಿ ನಮ್ಮನ್ನ ಬಿಟ್ಟು ಅವರನ್ನ ಕೇಳಾಕತ್ಯಾಳ ಅಂತ.”

 

ಮರುದಿನದಿಂದ ಮಥುರಾಬಾಯಿ ಕೆಲಸ ಶುರು ಮಾಡಿದಳು. ಹೋದ ವರ್ಷ ಎಷ್ಟು ದಿನ ದುಡಿದಿರಿ ಎಂದು ಕೇಳಿದರೆ ಯಾರೂ ಹೇಳಲಾರರು. ತಾರೀಖು ಅವರಿಗೆ ಬೇಕಾಗಿರಲಿಲ್ಲ. ಆದರೆ ಯಾರ ಹೊಲದಲ್ಲಿ, ಯಾವ ಕೆಲಸಕ್ಕೆ, ಎಷ್ಟು ಸಲ ಹೋದೆವೆಂಬುದು ಒಬ್ಬೊಬ್ಬಳಿಗೂ ಬಾಯಿಪಾಠ. “ಭೀಮಲಿಂಗಪ್ಪನ ಬಾವಿ ಹೊಲ, ಮೂರು ಸಲ ಬಿಡಿಸೀವಿ, ಮೊದಲನೇದು ನಾಕು ದಿನ, ಎರಡನೇದು ಆರು, ಕಡೀದು ಎರಡು” ಎಂದು ಹೇಳಿಕೊಂಡು ಹೋಗುವರು. ಅವಳು ಊರಿನ ಹೊಲಗಳ ಪಟ್ಟಿ ಮಾಡಿ, ಒಂದೊಂದು ಹೊಲದ ಹೆಸರು ಹೇಳಿ ಕೇಳಿದಳು. ಹತ್ತಿ ಆದ ಮೇಲೆ ಕಳೆ ತೆಗೆಯುವುದು, ಜೋಳ ಕೊಯ್ಯುವುದು, ಶೇಂಗಾ ಕೀಳುವುದು. ಇಬ್ಬರು ಒಂದೇ ಹೊಲಕ್ಕೆ ಹೋಗಿದ್ದರೆ ಇಬ್ಬರ ಮಾತನ್ನೂ ತಾಳೆ ಹಾಕಿದಳು. ಮೂರು ವಾರದಲ್ಲಿ ಇನ್ನೂರ ಮೂರರಲ್ಲಿ ನೂರಾ ತೊಂಬತ್ತೊಂದು ಹೆಂಗಸರನ್ನು ಕೇಳಿ ಮುಗಿಸಿದಳು. ಸರಾಸರಿ ಒಬ್ಬೊಬ್ಬಳು ವರ್ಷಕ್ಕೆ ನೂರಾ ಅರವತ್ತನಾಲ್ಕು ದಿನ ಹೊಲದಲ್ಲಿ ದುಡಿದಿದ್ದಳು. ಮನೆಯ ಒಲೆ, ನೀರು, ದನ ಅದರಲ್ಲಿ ಸೇರಿರಲಿಲ್ಲ.

ಮಾರ್ಚಿನ ಮೊದಲ ವಾರ ಪ್ರಬಂಧದ ಕರಡನ್ನು ಪ್ರೊಫೆಸರರ ಮುಂದಿಟ್ಟಳು. ಅವರು ಸಭ್ಯ ಮನುಷ್ಯ. ವಿದ್ಯಾರ್ಥಿನಿ ಬಂದಳೆಂದು ಎದ್ದು ಫ್ಯಾನು ಹಾಕಿದರು, ಕಾಫಿ ತರಿಸಿದರು. ಎರಡು ದಿನ ಬಿಟ್ಟು ಕರೆಸಿ, ಮೂರನೆಯ ಅಧ್ಯಾಯದ ಮೇಲೆ ಬೆರಳಿಟ್ಟು ಇಂಗ್ಲಿಷಿನಲ್ಲಿ ಹೇಳಿದರು.

“ಇದು ಮಾತ್ರ ಆಗುವುದಿಲ್ಲ. ವಿಭಾಗದ ವರದಿ ಹೋದ ತಿಂಗಳೇ ಅಚ್ಚಿಗೆ ಹೋಗಿದೆ. ನಿಮ್ಮ ಹಳ್ಳಿಯ ಹೆಂಗಸರಲ್ಲಿ ನೂರಕ್ಕೆ ತೊಂಬತ್ತೊಂದು ಜನ ದುಡಿಯದ ಅವಲಂಬಿತರು ಎಂದು ಅದರಲ್ಲಿದೆ. ಅವರಿಗೆ ಕೆಲಸ ಕಲಿಸುವ ಕೇಂದ್ರ ತೆರೆಯಬೇಕೆಂದು ನಾವು ಶಿಫಾರಸು ಮಾಡಿದ್ದೇವೆ.”

“ಅವರಿಗೆ ಬಿಡುವು ಎಲ್ಲಿದೆ ಸಾರ್, ಕಲಿಯುವುದಕ್ಕೆ?”

“ನೋಡಿ, ಸಮೀಕ್ಷೆಗೆ ಒಂದು ವಿಧಾನವಿದೆ. ಮನೆಯ ಯಜಮಾನ ಹೇಳಿದ್ದನ್ನು ಬರೆಯಬೇಕು. ನೀವು ಹೊಲದಲ್ಲಿ ನಿಂತು ಹರಟೆ ಹೊಡೆದು ತಂದದ್ದನ್ನು ಅಂಕಿಅಂಶ ಎನ್ನಲು ಬರುವುದಿಲ್ಲ.”

ಮಥುರಾಬಾಯಿಯ ದನಿ ಇಳಿಯಿತು. “ಹಾಗಾದರೆ ಹತ್ತಿ ಯಾರು ಬಿಡಿಸಿದರು ಸಾರ್?”

“ಏನು?”

“ಎಕರೆಯ ಲೆಕ್ಕ ಯಜಮಾನರದೇ. ಇಳುವರಿಯೂ ಅವರದೇ. ನಿಮ್ಮ ವಿಧಾನದ್ದೇ. ಅದರ ಪ್ರಕಾರ ಆರು ಸಾವಿರದ ತೊಂಬತ್ತು ದಿನದ ಕೆಲಸಕ್ಕೆ ಆಳೇ ಇಲ್ಲ. ವರದಿಯಲ್ಲಿ ಆ ಹತ್ತಿಯನ್ನು ಯಾರು ಬಿಡಿಸಿದ್ದಾರೆ?”

ಪ್ರೊಫೆಸರರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಲೆಕ್ಕ ಅರ್ಥವಾಗದೆ ಇರಲಿಲ್ಲ. ಬೇರೆ ದನಿಯಲ್ಲಿ, ತಂದೆಯ ಹಾಗೆ, ಒಂದು ದಾರಿ ತೋರಿಸಿದರು. ಮುಖ್ಯ ಕೋಷ್ಟಕ ವರದಿಯಲ್ಲಿದ್ದಂತೆ ಇರಲಿ. ಇವಳು ಕಂಡದ್ದನ್ನು ಕೆಳಗೆ ಒಂದು ಅಡಿಟಿಪ್ಪಣಿಯಲ್ಲಿ ನಾಲ್ಕು ಸಾಲಿಗೆ ಇಳಿಸಲಿ. ಹಾಗೆ ಮಾಡಿದರೆ ಪ್ರಬಂಧ ಒಳ್ಳೆಯದಿದೆ, ಮೊದಲ ದರ್ಜೆ ಬರುತ್ತದೆ, ಜುಲೈಯಲ್ಲಿ ಒಂದು ಕಾಲೇಜಿನಲ್ಲಿ ಉಪನ್ಯಾಸಕರ ಜಾಗ ಖಾಲಿಯಾಗುತ್ತದೆ, ತಾವೇ ಪತ್ರ ಕೊಡುತ್ತಾರೆ. ಹಾಗೆ ಮಾಡದಿದ್ದರೆ, ವಿಭಾಗದ ಅಂಕಿಯನ್ನೇ ಸುಳ್ಳು ಎನ್ನುವ ಪ್ರಬಂಧಕ್ಕೆ ವಿಭಾಗ ಅಂಕ ಕೊಡಬೇಕೆಂದು ಅವಳು ನಿರೀಕ್ಷಿಸಬಾರದು. ಮಾರ್ಚ್ ಮೂವತ್ತೊಂದು ಕೊನೆಯ ದಿನ.

ಯುಗಾದಿಗೆಂದು ಮನೆಗೆ ಬಂದವಳು ಇದನ್ನು ಹೇಳಿದಾಗ ಶ್ರೀನಿವಾಸರಾಯರು ಎತ್ತಿದ ತುತ್ತನ್ನು ಎಲೆಗೆ ಇಳಿಸಿದರು. ಮಗಳು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆಂದು ಅವರು ಆಗಲೇ ಕಚೇರಿಯಲ್ಲಿ ಒಬ್ಬಿಬ್ಬರ ಕಿವಿಗೆ ಹಾಕಿದ್ದರು.

“ಟಿಪ್ಪಣಿಯೊಳಗ ಬರಿ ಅಂತ ಅವರs ಅಂದಾರಲ್ಲ. ಸುಳ್ಳು ಬರಿ ಅಂದಿಲ್ಲ. ಕೆಳಗ ಬರದ್ರೂ ಬರದಂಗs ಅಲ್ಲೇನು ಮಥುರಾ?”

“ಮ್ಯಾಲ ಸುಳ್ಳು, ಕೆಳಗ ನಿಜ ಬರದ್ರ, ಮಂದಿ ಯಾವುದನ್ನ ಓದ್ತಾರ ಅಪ್ಪಾ?”

“ಎರಡು ವರ್ಷ ಓದಿಸೀನಿ. ಒಂದು ಟಿಪ್ಪಣಿ ಸಲುವಾಗಿ...”

ಅಡಿಗೆಮನೆಯಿಂದ ಸಾರು ತಂದ ತಾಯಿ ಸರಸ್ವತಿಬಾಯಿ ಅಲ್ಲೇ ನಿಂತರು. “ಪಾರ್ಸಲ್ ತೂಕ ಒಂದು ತೊಲಿ ಹೆಚ್ಚಾದ್ರ ನೀವು ಹತ್ತೂರ ಸಾಹುಕಾರ ತಂದ್ರೂ ವಾಪಸು ಕೊಡ್ತೀರಿ. ಪಾರ್ಸಲ್ ಮ್ಯಾಲ ಒಂದು ಚೀಟಿ ಅಂಟಿಸಿ, ತೂಕ ಹೆಚ್ಚದ ಅಂತ ಬರದು ಕಳಿಸೋದಿಲ್ಲಲ್ಲ?”

“ಅದು ಸರ್ಕಾರದ ಕೆಲಸ.”

“ಆಕೀದು ಏನು, ನನ್ನ ಕುಟ್ಟೋ ಬೀಸೋ ಕೆಲಸೇನು? ಲೆಕ್ಕಕ್ಕ ಇಲ್ಲದ್ದು?”

ರಾಯರು ಸಾರಿಗೆ ಕೈ ಹಾಕಿದರು. ಎರಡು ದಿನ ಮಗಳೊಡನೆ ಮಾತು ಬಿಟ್ಟರು. ಮೂರನೆಯ ದಿನ ಅವರೇ ಸ್ಟೇಷನ್ನಿಗೆ ಬಂದು, “ಪ್ರಬಂಧ ರಿಜಿಸ್ಟರ್ ಟಪಾಲಿನ್ಯಾಗ ಕಳಿಸೋದಿದ್ರ ನನಗ ಕೊಡು. ರಸೀದಿ ಇಟಗೋತೀನಿ” ಎಂದರು. ಕೈಯಲ್ಲೇ ಕೊಡಬೇಕು ಅಪ್ಪಾ ಎಂದು ಅವಳು ಹೇಳಿದ್ದಕ್ಕೆ, “ಹಂಗಾದ್ರೂ ರಸೀದಿ ತಗೋ” ಎಂದರು.

ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಅವಳು ಪ್ರಬಂಧವನ್ನು ಕೊಟ್ಟಳು. ಮೂರನೆಯ ಅಧ್ಯಾಯ ಇದ್ದಂತೆಯೇ ಇತ್ತು. ವರದಿಯ ಕೋಷ್ಟಕವನ್ನು ಎಡಗಡೆ, ತನ್ನದನ್ನು ಬಲಗಡೆ ಇಟ್ಟು, ನಡುವೆ ಹತ್ತಿಯ ಲೆಕ್ಕವನ್ನು ಏಳು ಸಾಲಿನಲ್ಲಿ ಬಿಡಿಸಿ ಬರೆದಿದ್ದಳು. ಹನುಮಂತು ತನ್ನದರಲ್ಲಿ ಅಡಿಟಿಪ್ಪಣಿ ಹಾಕಿದ. ಅವನ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ತಂಗಿಯರು ಇಬ್ಬರಿದ್ದರು. ಅವಳ ಮುಂದೆ ಬಂದು ನಿಂತು, “ಬೈ” ಎಂದ. ಅವಳು ಬೈಯಲಿಲ್ಲ. ಸಿಟ್ಟನ್ನು ಹಂಚಿ ತೆಳು ಮಾಡುವ ಮನಸ್ಸು ಅವಳಿಗಿರಲಿಲ್ಲ.

ಜೂನಿನಲ್ಲಿ ಫಲಿತಾಂಶ ಬಂತು. ಉಳಿದ ಪತ್ರಿಕೆಗಳಲ್ಲಿ ಅರವತ್ತರ ಮೇಲೆ, ಪ್ರಬಂಧಕ್ಕೆ ನೂರಕ್ಕೆ ಹದಿನೆಂಟು. ಪ್ರಬಂಧದಲ್ಲಿ ನಲವತ್ತು ದಾಟದವರಿಗೆ ಮೇಲಿನ ದರ್ಜೆ ಇಲ್ಲವೆಂಬ ನಿಯಮದಿಂದ ಅವಳು ಮೂರನೆಯ ದರ್ಜೆಗೆ ಬಿದ್ದಳು. ಮೂರನೆಯ ದರ್ಜೆಯವರನ್ನು ಯಾವ ಕಾಲೇಜೂ ತೆಗೆದುಕೊಳ್ಳುವುದಿಲ್ಲ. ವಿಭಾಗದ ವರದಿ ಚೆಂದದ ರಟ್ಟು ಕಟ್ಟಿಸಿಕೊಂಡು ಹೊರಬಂತು. ಕೃತಜ್ಞತೆಯ ಪುಟದಲ್ಲಿ, ಅಂಕಿಗಳನ್ನು ಕೂಡಿಸಿಕೊಟ್ಟದ್ದಕ್ಕಾಗಿ ಕುಮಾರಿ ಮಥುರಾಬಾಯಿಯವರಿಗೆ ವಂದನೆಗಳು ಎಂದಿತ್ತು. ಅದನ್ನು ಓದಿದ ದಿನ ಅವಳು ಉಪಕುಲಪತಿಗಳಿಗೆ ಪತ್ರ ಬರೆದಳು. ವಂದನೆಯನ್ನು ವಾಪಸು ಕಳುಹಿಸುತ್ತಿರುವುದಾಗಿಯೂ, ಆ ಅಂಕಿ ತಾನು ಕೂಡಿಸಿದ್ದಲ್ಲವೆಂದೂ, ಕೂಡಿಸಿದರೆ ಅದು ಬರುವುದಿಲ್ಲವೆಂದೂ. ಉತ್ತರ ಬರಲಿಲ್ಲ. ತಿಂಗಳಿಗೊಂದರಂತೆ ಮತ್ತೆ ಮೂರು ಪತ್ರ ಬರೆದಳು. ನಾಲ್ಕಕ್ಕೂ ರಾಯರು ತಾವೇ ಮುದ್ರೆ ಒತ್ತಿ ರಸೀದಿ ತಂದುಕೊಟ್ಟರು.

ಆದವಾನಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳುವ ಕೆಲಸ ಸಿಕ್ಕಿತು. ನವೆಂಬರಿನ ಒಂದು ಭಾನುವಾರ, ವಿಶ್ವವಿದ್ಯಾಲಯ ಹಿಂತಿರುಗಿಸಿದ್ದ ಪ್ರಬಂಧದ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಪೆದ್ದಹರಿವಾಣಕ್ಕೆ ಹೋದಳು. ಹೆಂಗಸರು ಹತ್ತಿಯ ಹೊಲದಲ್ಲಿ ಸಾಲು ಹಿಡಿದು ಕಳೆ ತೆಗೆಯುತ್ತಿದ್ದರು. ಸುಂಕಮ್ಮ ಕಳೆ ಕೀಳುವ ಕುರ್ಚಿಗಿ ಕೈಯಲ್ಲಿ ಹಿಡಿದೇ ಎದ್ದು ಬಂದಳು. ಮಥುರಾಬಾಯಿ ಪುಟ ತೆರೆದು ತೋರಿಸಿದಳು. ಬಲಗಡೆಯ ಕೋಷ್ಟಕದ ಮೇಲೆ ಮೂಲೆಯಿಂದ ಮೂಲೆಗೆ ದಪ್ಪ ಕೆಂಪು ಗೀಟು.

“ಯಾರು ಗೀಟು ಹಾಕಿದಾವ?”

“ನಮ್ಮ ಪ್ರೊಫೆಸರು.”

“ಅವಗ ಹೊಲ ಐತೇನು?”

“ಇಲ್ಲ.”

“ಹಂಗಾರ ಉಳಕೊಂಡ” ಎಂದಳು ಸುಂಕಮ್ಮ. “ಇದ್ದಿದ್ರ, ಈ ವರ್ಷ ಹತ್ತಿ ಅವನs ಬಿಡಿಸಿಕೋಬೇಕಾಗ್ತಿತ್ತು.” ಸಾಲಿನಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ. “ಓದ್ರಿ. ನಂದು ಎಷ್ಟು ಬರದೀರಿ?”

ಮಥುರಾಬಾಯಿ ಕೊನೆಯಲ್ಲಿದ್ದ ಪಟ್ಟಿಯಲ್ಲಿ ಬೆರಳು ಓಡಿಸಿದಳು. “ನೂರಾ ಎಪ್ಪತ್ತೆರಡು ದಿನ.”

“ಹೊಲ ಹೊಲ ಓದ್ರಿ.”

ಓದಿದಳು. ಭೀಮಲಿಂಗಪ್ಪನ ಬಾವಿ ಹೊಲ, ಜಂಬಯ್ಯನ ಮಡ್ಡಿ, ಹಳ್ಳದ ಹೊಲ. ಸುಂಕಮ್ಮ ಕಣ್ಣು ಮುಚ್ಚಿ ಕೇಳಿದಳು, ಪ್ರತಿ ಹೆಸರಿಗೂ ತಲೆದೂಗಿದಳು. ಪಟ್ಟಿ ಮುಗಿದ ಮೇಲೆ ಕಣ್ಣು ತೆರೆದಳು.

“ಮಾರೆಮ್ಮನ ಹೊಲದ ಕಡ್ಲಿ ಎಲ್ಲೈತಿ?”

“ಯಾವ ಕಡ್ಲಿ?”

“ನೀವು ಕೇಳಿದ ವರ್ಷದಾಗ, ಶಿವರಾತ್ರಿ ಹಿಂದಮುಂದ ಕಡ್ಲಿ ಕಿತ್ತಿಲ್ಲೇನು? ಐದು ದಿನ. ನಾನು, ಭೀಮಕ್ಕ, ದಸ್ತಗಿರಮ್ಮ, ಹದಿನಾರು ಮಂದಿ ಹೋಗಿದ್ವಿ. ಕಡ್ಲಿ ಗಿಡದ ಉಪ್ಪು ಹತ್ತಿ ಕೈ ಕೊಯ್ದು ವಾರ ರೊಟ್ಟಿ ಬಡಿಯಾಕ ಆಗಲಿಲ್ಲ.”

ಮಥುರಾಬಾಯಿ ತನ್ನ ಪ್ರಶ್ನೆಗಳನ್ನು ನೆನೆದುಕೊಂಡಳು. ಹತ್ತಿ, ಕಳೆ, ಜೋಳ, ಶೇಂಗಾ. ಕಡಲೆಯನ್ನು ಅವಳು ಕೇಳಿಯೇ ಇರಲಿಲ್ಲ. ಆ ಊರಿನಲ್ಲಿ ಕಡಲೆ ಬೆಳೆಯುವವರು ನಾಲ್ಕೇ ಮನೆ, ಅದನ್ನು ಬಿಟ್ಟರೂ ನಡೆಯುತ್ತದೆ ಎಂದು ಪಟ್ಟಿ ಮಾಡುವಾಗ ತಾನೇ ತೀರ್ಮಾನಿಸಿದ್ದಳು.

“ನೀವು ಹೇಳಲಿಲ್ಲ” ಎಂದಳು.

“ನೀವು ಕೇಳಲಿಲ್ಲ.” ಸುಂಕಮ್ಮನ ದನಿ ಹೊಲದಾಚೆಗೂ ಕೇಳುವಂತೆ ಏರಿತು. “ಅವ ಕೂಡ್ರೋ ಕುರ್ಚಿ ಮ್ಯಾಲ ಕುಂತು ಗೀಟು ಹಾಕಿದ. ನೀವು ನಮ್ಮ ಸಾಲಿನ್ಯಾಗ ನಿಂತು ಕಡ್ಲಿ ಬಿಟ್ರಿ. ಏನು ಫರಕು ಐತಿ ಬಾಯಾರ? ಐದು ದಿನ ನನ್ನ ಸೊಂಟಕ್ಕ ಗೊತ್ತೈತಿ.”

ಯಾರೂ ನಗಲಿಲ್ಲ. ಭೀಮಕ್ಕ ಕಳೆ ಕೀಳುವುದನ್ನು ನಿಲ್ಲಿಸಿ ಕೂತಲ್ಲಿಂದಲೇ, “ನಂದು ನಾಕು ದಿನ, ಒಂದಿನ ಜ್ವರ ಬಂದಿತ್ತು” ಎಂದಳು.

ಹತ್ತು ತಿಂಗಳು ಬೇರೆಯವರ ಮೇಲಿದ್ದ ಸಿಟ್ಟು ಈಗ ಮಥುರಾಬಾಯಿಯ ಕಡೆಗೇ ತಿರುಗಿ ನಿಂತಿತು. ಚೀಲದಿಂದ ಪೆನ್ನು ತೆಗೆದಳು. ಕೆಂಪು ಗೀಟಿನ ಪುಟವನ್ನು ತಿರುಗಿಸಿ ಹಿಂದಿನ ಖಾಲಿ ಮಗ್ಗುಲಿಗೆ ಕಡಲೆ ಎಂದು ಬರೆದು, ಅದರ ಕೆಳಗೆ ಒಂದರಿಂದ ಹದಿನಾರರವರೆಗೆ ಸಂಖ್ಯೆ ಹಾಕಿದಳು.

“ಒಬ್ಬೊಬ್ಬರs ಹೇಳ್ರಿ” ಎಂದಳು. “ಬರೇ ಕಡ್ಲಿ ಅಲ್ಲ. ನಾನು ಕೇಳದೆ ಬಿಟ್ಟದ್ದು ಏನೇನು ಐತಿ, ಎಲ್ಲಾ.”

“ಎಲ್ಲಾ ಹೇಳಾಕ ಒಂದಿನ ಸಾಲೋದಿಲ್ಲ.”

“ಮುಂದಿನ ಐತವಾರ ಬರ್ತೀನಿ. ಅದರ ಮುಂದಿನ ಐತವಾರನೂ ಬರ್ತೀನಿ.”

ಸುಂಕಮ್ಮನ ಸಿಟ್ಟು ಇಳಿದಿರಲಿಲ್ಲ. “ಹಂಗಾರ ಅಲ್ಲಿ ನಿಂತು ಗಿಡ ತುಳೀಬ್ಯಾಡ್ರಿ. ಈ ಸಾಲಿಗೆ ಬರ್ರಿ, ನಾವು ಕೆಲಸ ಮಾಡತಾ ಹೇಳ್ತೀವಿ.”